ಬಿಳಿ ಕುದುರೆಗೆ ಮೈ ತುಂಬಿಸಿದ್ದು

ಫೆಬ್ರವರಿ ಹದಿನೇಳು, ಮಂಗಳವಾರ, ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ. ಸ್ಥಳ, ಕೆರಗೋಡಿನಿಂದ ಎರಡು ಮೈಲಿ ಒಳಗಿರುವ ನಮ್ಮೂರಿನಲ್ಲಿ ನನ್ನ ತಮ್ಮನ ಕೊಟ್ಟಿಗೆ. ಹಾಜರಿದ್ದವರು ತಮ್ಮ, ಅವನ ಹೆಂಡತಿ, ನಾನು ಮತ್ತು ಒಂದು ಬಿಳಿ ಹೆಣ್ಣು ಕುದುರೆ. ನಾವು ಮೂವರೂ ನಿಂತಿದ್ದೆವು. ಕುದುರೆಯೂ ನಿಂತಿತ್ತು. ಅದು ಯಾವಾಗ ನೋಡಿದರೂ ನಿಂತೇ ಇರುತ್ತದೆ ಎಂಬುದು ನಮ್ಮ ಚಿಂತೆಗಳಲ್ಲಿ ಚಿಕ್ಕದು.

ದೊಡ್ಡ ಚಿಂತೆ ಹನ್ನೊಂದು ಗಂಟೆಗೆ ಮದ್ದೂರಿನಿಂದ ಬರಲಿದ್ದ ಟೆಂಪೊ. ಕುದುರೆಯ ಮೈ ಅದರ ಒಡೆಯನಿಗೆ ಒಪ್ಪಿಗೆಯಾದರೆ ಟೆಂಪೊ ಖಾಲಿ ಹೋಗುತ್ತದೆ, ಕುದುರೆ ತಮ್ಮನಿಗೆ ಉಳಿಯುತ್ತದೆ. ಒಪ್ಪಿಗೆಯಾಗದಿದ್ದರೆ ಕುದುರೆ ಅದೇ ಟೆಂಪೊದಲ್ಲಿ ಹೋಗುತ್ತದೆ. ತಮ್ಮ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

ನಾನು ಮೂವತ್ತಾರು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು. ಮಳವಳ್ಳಿಯಲ್ಲಿ ಹನ್ನೊಂದು ವರ್ಷ, ಉಳಿದದ್ದು ಮಂಡ್ಯದಲ್ಲಿ. ನಿವೃತ್ತಿಯಾದ ಮೇಲೆ ಊರಿಗೆ ಬಂದು ತಮ್ಮನ ಪಕ್ಕದ ಮನೆಯಲ್ಲಿದ್ದೇನೆ. ನಾಲ್ಕೂವರೆಗೆ ಏಳುವುದು, ಹಾಸಿಗೆಯ ಮೂಲೆ ಮಡಿಸುವುದು, ಆದ ಕೆಲಸವನ್ನು ಆದ ಹೊತ್ತಿಗೇ ಬರೆಯುವುದು, ಇವನ್ನು ಬಿಟ್ಟಿಲ್ಲ. ಬರೆಯದ ಕೆಲಸ ಆಗದ ಕೆಲಸ ಎಂದು ನಮಗೆ ಕಲಿಸಿದ್ದರು. ಕುದುರೆ ಬಂದ ದಿನವೇ ನಾನು ಕೊಟ್ಟಿಗೆಯ ಕಂಬಕ್ಕೆ ಒಂದು ಚಾರ್ಟು ಹಾಕಿದ್ದೆ. ಹೊತ್ತು, ನೀರು, ಮೇವು, ಟಾನಿಕ್, ಲದ್ದಿ, ಗಂಜಲ, ಮೆಲುಕು, ನಿದ್ದೆ ಎಂದು ಎಂಟು ಕಾಲಂ. ಗೀಟು ಹಾಕುವ ಕೆಲಸ ತಮ್ಮನದು.

ಕೊನೆಯ ದಿನವಾದ್ದರಿಂದ ಇಡೀ ತಿಂಗಳ ಚಾರ್ಟನ್ನು ಮೇಲಿನಿಂದ ಕೆಳಗೆ ಓದಿದೆ. ಏಳನೆಯ ಕಾಲಂನಲ್ಲಿ ಗೀಟುಗಳೆಲ್ಲ ಒಂದೇ ಅಳತೆ, ಒಂದೇ ಓರೆ, ಒಂದೇ ಪೆನ್ನು. ಮೂವತ್ತು ದಿನದ ಗೀಟನ್ನು ಒಂದೇ ಸಲ ಕೂತು ಎಳೆದ ಹಾಗಿತ್ತು. ನೆನ್ನೆ ಎಷ್ಟು ಹೊತ್ತಿಗೆ ಮೆಲುಕು ಹಾಕಿತು ಎಂದು ಕೇಳಿದೆ. ತಮ್ಮ ಕುದುರೆಯ ಕಾಲು ನೋಡಿದ.

"ಯಾವತ್ತೂ ಆಕಿಲ್ಲ ಕಣಕ್ಕ."

"ಮತ್ತೆ ದಿನಾ ಗೀಟು ಎಳ್ದಿದ್ದೀಯಲ್ಲ?"

"ಖಾಲಿ ಬುಟ್ರೆ ನೀನು ಬಯ್ತೀಯಲ್ಲ."

ಎತ್ತು ಮೆಲುಕು ಬಿಟ್ಟಿತೆಂದರೆ ನಮ್ಮ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ನಮ್ಮ ತಂದೆ ಹೋರಿಯ ದವಡೆ ಅಲ್ಲಾಡುವುದನ್ನು ಕಂಡ ಮೇಲೆಯೇ ತಾವು ಕೈ ತೊಳೆಯುತ್ತಿದ್ದರು. ನಾಲ್ಕು ತಲೆಮಾರಿನಿಂದ ಹಳ್ಳಿಕಾರ್ ತಳಿಯ ಹೋರಿ ಕಟ್ಟಿದ ಮನೆ ನಮ್ಮದು. ಒಂದು ಹೊತ್ತು ಮೆಲುಕಿಲ್ಲದಿದ್ದರೆ ಹೊಟ್ಟೆ ಉಬ್ಬರ, ಎರಡು ಹೊತ್ತಿಲ್ಲದಿದ್ದರೆ ಡಾಕ್ಟರು. ಇಲ್ಲಿ ಮೂವತ್ತು ದಿನ ಇಲ್ಲ. ನಾನು ಮೂವತ್ತಾರು ವರ್ಷ ಮನುಷ್ಯರ ಹೊಟ್ಟೆ ನೋಡಿದವಳು. ಅವರಲ್ಲಿ ಒಬ್ಬರೂ ಮೆಲುಕು ಹಾಕಿರಲಿಲ್ಲ ಎಂಬುದಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಈ ಕುದುರೆ ಹೇಗೆ ಬಂತು ಎಂದು ಹೇಳಬೇಕು. ತಮ್ಮನ ಜೋಡಿ ಹೋರಿಯಲ್ಲಿ ಒಂದು ಹೋದ ವರ್ಷ ಸತ್ತಿತು. ಒಂಟಿಯಾದ ಇನ್ನೊಂದನ್ನು ದುದ್ದದ ಕಡೆಯವರಿಗೆ ಕೊಟ್ಟ. ಉಳುವುದಕ್ಕೆ ಟ್ರ್ಯಾಕ್ಟರ್ ಬರುತ್ತದೆ, ಅದರಿಂದ ತೊಂದರೆ ಆಗಲಿಲ್ಲ. ತೊಂದರೆ ಆದದ್ದು ಬೆಳಿಗ್ಗೆ ನಾಲ್ಕು ಗಂಟೆಗೆ. ಅವನು ಎದ್ದು ಖಾಲಿ ಕೊಟ್ಟಿಗೆಗೆ ಹೋಗಿ, ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿ, ಗೋದಲಿಯ ಪಕ್ಕ ಕೂತಿರುತ್ತಿದ್ದ. ಈ ಸಲ ಸಂಕ್ರಾಂತಿಯ ದಿನ ಊರವರೆಲ್ಲ ದನ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸಲು ಹೊಡೆದುಕೊಂಡು ಹೋದರು. ಇವನು ಬಾಗಿಲು ಹಾಕಿಕೊಂಡು ಮಲಗಿದ. ಅಂಥ ಹಬ್ಬದ ದಿನ ನಮ್ಮ ಮನೆಯಲ್ಲಿ ಯಾರೂ ಮಲಗಿದ್ದನ್ನು ನಾನು ಕಂಡಿರಲಿಲ್ಲ.

ಅದೇ ವಾರ ಮೋಟಾರು ಕೆಟ್ಟು ಮದ್ದೂರಿನ ಮೆಕ್ಯಾನಿಕ್ ಬಂದರು. ಇಪ್ಪತ್ತು ವರ್ಷದಿಂದ ನಮ್ಮ ಬೋರಿನ ಮೋಟಾರು ಎತ್ತಿ ಇಳಿಸುತ್ತಿರುವ ಸಾಬರು. ಅವರ ತಂದೆ ಮದ್ದೂರಿನಲ್ಲಿ ಜಟಕಾ ಹೊಡೆಯುತ್ತಿದ್ದವರು. ಜಟಕಾ ನಿಂತ ಮೇಲೆ ಮದುವೆ ಮೆರವಣಿಗೆಗೆಂದು ಈ ಬಿಳಿ ಕುದುರೆ ಇಟ್ಟುಕೊಂಡಿದ್ದರು. ತಂದೆ ತೀರಿಕೊಂಡ ಮೇಲೆ ಕುದುರೆ ಗಲ್ಲಿಯ ಮನೆಯಲ್ಲಿ ಸೊರಗಿ, ಮೈಗೂದಲು ಹಳೇ ಗೋಣಿಯ ಹಾಗಾಗಿತ್ತು. ಕುದುರೆ ಸವಾರಿ ಕಲಿಸುವವರು ಯಾರೋ ಕೇಳಿದ್ದಾರೆ, ಕೊಟ್ಟುಬಿಡುತ್ತೇನೆ ಎಂದು ಮಾತಿಗೆ ಹೇಳಿದರು. ನನ್ನ ತಮ್ಮ ಹಿಡಿದಿದ್ದ ಪೈಪು ಬಿಟ್ಟು, ನನಗೆ ಕೊಡಿ ಎಂದ. ಇವನು ಕುದುರೆಯನ್ನು ಹತ್ತಿರದಿಂದ ನೋಡಿದ್ದು ಮದುವೆಗಳಲ್ಲಿ ಮಾತ್ರ. ಸಾಬರು ಯೋಚಿಸಿ, ಮೂವತ್ತು ದಿನ ಇಟ್ಟುಕೊಳ್ಳಿ, ಅಷ್ಟರಲ್ಲಿ ಮೈ ಕಟ್ಟಿ ಕೂದಲು ಹೊಳೆದರೆ ಇರಲಿ, ಇಲ್ಲದಿದ್ದರೆ ಅವತ್ತೇ ಕರೆದುಕೊಂಡು ಹೋಗುತ್ತೇನೆ ಎಂದರು. ಮೂರನೆಯ ದಿನ ಕುದುರೆ ಬಂತು. ಅವತ್ತಿನಿಂದ ತಮ್ಮ ದಿನಕ್ಕೆ ಎರಡು ಗಂಟೆ ಅದರ ಮೈ ಉಜ್ಜುತ್ತಿದ್ದ. ತನ್ನ ತಲೆ ಬಾಚುವುದನ್ನು ಮಾತ್ರ ನಿಲ್ಲಿಸಿದ.

ಕುದುರೆ ಬರುವಷ್ಟರಲ್ಲೇ ಅವನು ಫೋನಿನಲ್ಲಿ ಒಂದು ಟಾನಿಕ್ ಪುಡಿ ತರಿಸಿದ್ದ. ಬಕೆಟ್ಟಿನಷ್ಟು ದೊಡ್ಡ ಡಬ್ಬಿ, ಮೇಲೆ ಕನ್ನಡಿಯ ಹಾಗೆ ಹೊಳೆಯುವ ಒಂದು ಕಪ್ಪು ಕುದುರೆಯ ಚಿತ್ರ. ಎದುರು ಮನೆಯ ದೊಡ್ಡಮ್ಮ, ಎಂಬತ್ತು ದಾಟಿದವರು, ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಇದ ತಿಂದು ಇದೂ ಕರ್ರಗಾಗೋದ್ರೆ ಸಾಬ್ರು ಒಪ್ತಾರೇನವ್ವ?"

ಹಾಗೆಲ್ಲ ಆಗುವುದಿಲ್ಲ ಎಂದೆ. ತಮ್ಮ ಮಾತ್ರ ಡಬ್ಬಿಯ ಚಿತ್ರವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟ. ಒಂದು ವಾರ ಬೆಳಿಗ್ಗೆ ಬೆಳಿಗ್ಗೆ ಕುದುರೆಯ ಕಿವಿಯ ತುದಿಗೆ ಟಾರ್ಚು ಬಿಟ್ಟು ನೋಡುತ್ತಿದ್ದ.

ಪುಡಿಯನ್ನು ನಾಲಿಗೆಗೆ ಇಟ್ಟು ನೋಡಿದೆ. ಅಗಸೆ ಬೀಜ, ಉಪ್ಪು, ಬೆಲ್ಲದ ಮಡ್ಡಿಯ ವಾಸನೆ, ಏನೋ ಖನಿಜ. ಕುದುರೆಯ ತೂಕಕ್ಕೆ ತಕ್ಕ ಹಾಗೆ ಇಷ್ಟು ಚಮಚ ಎಂದು ಬರೆದಿತ್ತು. ಒಳಗೆ ಚಮಚ ಇರಲಿಲ್ಲ. ಅದಕ್ಕೆ ನನ್ನ ಬಳಿ ಔಷಧಿ ಅಳೆಯುವ ಲೋಟವಿತ್ತು. ತೂಕ ಗೊತ್ತಿಲ್ಲದೆ ಔಷಧಿ ಕೊಡುವುದು ಮಾತ್ರ ನನ್ನಿಂದಾಗದು. ಮಂಡ್ಯ ರಸ್ತೆಯಲ್ಲಿ ಕಬ್ಬಿನ ಲೋಡು ತೂಗುವ ವೇಬ್ರಿಡ್ಜ್ ಇದೆ. ತಮ್ಮ ಕುದುರೆ ಹಿಡಿದುಕೊಂಡು, ನಾನು ನೋಟ್‌ಬುಕ್ ಹಿಡಿದುಕೊಂಡು, ಆರು ಟ್ರ್ಯಾಕ್ಟರುಗಳ ಹಿಂದೆ ಸಾಲಿನಲ್ಲಿ ನಿಂತೆವು. ಗಾಡಿ ನಂಬರ್ ಹಾಕದೆ ಚೀಟಿ ಬರುವುದಿಲ್ಲ ಎಂದು ತೂಗುವವನು ಹೇಳಿದ. ತಮ್ಮ ತನ್ನ ಸ್ಕೂಟರಿನ ನಂಬರ್ ಕೊಟ್ಟ. ಕಬ್ಬು, ಮುನ್ನೂರ ಹತ್ತು ಕಿಲೊ ಎಂದು ಚೀಟಿ ಬಂತು. ಹಿಂದಿನ ಟ್ರ್ಯಾಕ್ಟರಿನವನು ಕುದುರೆಯ ಹೊಟ್ಟೆ ತೋರಿಸಿ, ಲೋಡು ಇಳಿಸಿ ಬಂದು ಖಾಲಿ ಗಾಡಿ ತೂಕಾನೂ ಮಾಡಿಸಿಕೊಳ್ಳಿ ಗೌಡರೇ ಎಂದ. ಅವನ ಜೊತೆಯವರು ನಕ್ಕರು. ನನಗೆ ಬೇಕಾದ ಅಂಕಿ ಸಿಕ್ಕಿತ್ತು.

ಹೀಗೆ ಅಳತೆಯ ಪ್ರಕಾರ ಮೂವತ್ತು ದಿನ ನಡೆದಿತ್ತು, ಅಥವಾ ಹಾಗೆಂದು ನಾನು ತಿಳಿದಿದ್ದೆ. ಈಗ ಕೊನೆಯ ದಿನ ಮೆಲುಕಿನ ವಿಚಾರ ಹೊರಬಿತ್ತು. ವಾರ್ಡಿನಲ್ಲಿ ಇಂಥ ಹೊತ್ತಿಗೆ ಮೊದಲ ಕೆಲಸ ರೋಗಿ ಏನೇನು ತಿಂದಿದ್ದಾನೆ ಎಂದು ಕೇಳಿ ಬರೆಯುವುದು. ಐದೂ ನಲವತ್ತಕ್ಕೆ ಕಲ್ಲಿನ ಮೇಲೆ ಕೂತು ನೋಟ್‌ಬುಕ್ ತೆರೆದೆ.

ಮೊದಲು ತಮ್ಮನ ಹೆಂಡತಿಯನ್ನು ಕೇಳಿದೆ. ಚಾರ್ಟಿನಲ್ಲಿರುವುದು ಬಿಟ್ಟು ಬೇರೇನಾದರೂ ಕೊಟ್ಟೆಯಾ? ಅವಳು ಸೆರಗಿನ ತುದಿ ಸುತ್ತಿದಳು. ದಿನಾ ನಾನು ಏಳುವ ಮುಂಚೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಕೊಡುತ್ತಿದ್ದಳಂತೆ. ಆಮೇಲೆ ಟಾನಿಕ್ ಪುಡಿ ಒಂದು ಹಿಡಿ, ನಾನು ಕೊಡುವುದನ್ನು ಮರೆತಿದ್ದರೆ ಇರಲಿ ಎಂದು. ತಮ್ಮ ರಾತ್ರಿ ತನ್ನ ತಟ್ಟೆಯಿಂದ ಒಂದು ರಾಗಿ ಮುದ್ದೆಯನ್ನು ಬೆಲ್ಲ ಹಚ್ಚಿ ಕೊಡುತ್ತಿದ್ದ. ದೊಡ್ಡಮ್ಮನನ್ನು ಕರೆಸಿದೆ. ಮಧ್ಯಾಹ್ನ ಎರಡು ನಾಟಿ ಮೊಟ್ಟೆ, ಅರ್ಧ ಸೇರು ಹಾಲಿನಲ್ಲಿ ಕದಡಿ. ಆಲೆಮನೆಯವರು ಕುದುರೆ ಆ ದಾರಿಯಲ್ಲಿ ಹೋದಾಗಲೆಲ್ಲ ಕೊಪ್ಪರಿಗೆಯ ಅಂಚಿನ ಬೆಲ್ಲ ಕೆರೆದು ತಿನ್ನಿಸುತ್ತಿದ್ದರು. ಕೆಳಗಿನ ಬೀದಿಯ ಮೂರು ಮನೆಯವರು ನೆನೆಸಿದ ಹುರುಳಿಯನ್ನು ಸರದಿಯ ಮೇಲೆ ತರುತ್ತಿದ್ದರು.

ಇದರಲ್ಲಿ ಯಾರ ಕೆಟ್ಟತನವೂ ಇರಲಿಲ್ಲ. ನಮ್ಮ ಕಡೆ ಒಂದು ಮನೆಯಲ್ಲಿ ಹೋರಿ ಕಟ್ಟಿದರೆ ಬೀದಿಯೇ ಅದಕ್ಕೆ ಉಣ್ಣಿಸುತ್ತದೆ. ಏನು ಉಣ್ಣಿಸಿದೆ ಎಂದು ಬಾಯಿ ಬಿಟ್ಟು ಹೇಳಬಾರದು, ಹೇಳಿದರೆ ದೃಷ್ಟಿಯಾಗುತ್ತದೆ. ಆದ್ದರಿಂದ ಒಬ್ಬರದು ಒಬ್ಬರಿಗೆ ಗೊತ್ತಿರಲಿಲ್ಲ. ಬೆಣ್ಣೆ, ಮೊಟ್ಟೆ, ಹಾಲು, ಹುರುಳಿ, ಬೆಲ್ಲ, ಎಲ್ಲವೂ ಹೋರಿಗೆ ಸರಿಯಾದ ಪಟ್ಟಿಯೇ. ಬರೆಯುತ್ತಾ ಹೋದಂತೆ ನನ್ನದೂ ಒಂದು ಬಾಬತ್ತು ನೆನಪಾಯಿತು. ಮಧ್ಯಾಹ್ನ ಮೂರು ಗಂಟೆಗೆ ನಾನು ಅದಕ್ಕೆ ಎರಡು ಬಾಳೆಹಣ್ಣು ಕೊಡುತ್ತಿದ್ದೆ. ಅದನ್ನು ಕೊನೆಯ ಸಾಲಿನಲ್ಲಿ ಬರೆದೆ.

ಎಲ್ಲರೂ ಒಂದೇ ತೀರ್ಮಾನಕ್ಕೆ ಬಂದೆವು. ಇಷ್ಟು ತಿಂದು ಒಂದು ಸಲವೂ ಮೆಲುಕು ಹಾಕಿಲ್ಲವೆಂದರೆ ಮೂವತ್ತು ದಿನದ ಊಟ ಅರಗದೆ ಒಳಗೇ ಕೂತಿದೆ. ಐದನೆಯ ಕಾಲಂನಲ್ಲಿ ಲದ್ದಿ ದಿನಕ್ಕೆ ಏಳೆಂಟು ಸಲ ಎಂದು ಬರೆದಿತ್ತು. ಅದನ್ನು ಯಾರೂ ನೋಡಲಿಲ್ಲ. ಪಶು ಡಾಕ್ಟರಿಗೆ ಆರು ಗಂಟೆಗೂ ಏಳಕ್ಕೂ ಫೋನ್ ಮಾಡಿದೆ, ಎತ್ತಲಿಲ್ಲ. ಒಂಬತ್ತರವರೆಗೆ ಕಾಯೋಣ ಎಂದೆ. ಸಾಬರು ಬರುವ ಹೊತ್ತಿಗೆ ಕುದುರೆ ಬಿದ್ದುಹೋಗಿದ್ದರೆ ಏನು ಮಾಡಲಿ ಎಂದು ತಮ್ಮ ಕೇಳಿದ. ಅವನ ಮುಖ ನೋಡಿ ನಾನು ಮನೆಮದ್ದಿಗೆ ಒಪ್ಪಿದೆ. ಒಪ್ಪಿದ್ದು ನನ್ನ ತಪ್ಪು, ಅದನ್ನೂ ಬರೆದಿದ್ದೇನೆ.

ದೊಡ್ಡಮ್ಮ ಶುಂಠಿ, ಮೆಣಸು, ಬೆಳ್ಳುಳ್ಳಿ, ಓಮ ಅರೆದು ಹರಳೆಣ್ಣೆಯಲ್ಲಿ ಕಲಸಿ ತಂದರು. ಅಟ್ಟದಿಂದ ಗೊಟ್ಟ ಇಳಿಯಿತು. ಎತ್ತಿನ ಬಾಯಿಗೆ ಔಷಧಿ ಹೊಯ್ಯುವ ಬಿದಿರಿನ ಕೊಳವೆ ಅದು, ನಮ್ಮ ತಾತನ ಕಾಲದ್ದು. ಏಳೂ ನಲವತ್ತಕ್ಕೆ ತಮ್ಮ ಕುದುರೆಯ ಮೂತಿ ಹಿಡಿದು ಮೇಲಕ್ಕೆತ್ತಿದ. ಎತ್ತಿನ ಕತ್ತು ಒಂದು ಎತ್ತರಕ್ಕೆ ಹೋಗಿ ನಿಲ್ಲುತ್ತದೆ. ಕುದುರೆಯ ಕತ್ತು ನಿಲ್ಲಲಿಲ್ಲ. ಅದು ಮೇಲೆ ಹೋದ ಹಾಗೆ ತಮ್ಮನೂ ಮೇಲೆ ಹೋದ, ಮೊದಲು ಹಿಮ್ಮಡಿ ಎತ್ತಿ, ಆಮೇಲೆ ಗೋದಲಿಯ ಕಟ್ಟೆ ಹತ್ತಿ. ಅಲ್ಲಿಂದ ಗೊಟ್ಟ ಎತ್ತಿ ಬಗ್ಗಿಸಿದ. ಅರ್ಧ ಔಷಧಿ ಅವನ ಅಂಗಿಯ ಮೇಲೆ ಬಿತ್ತು, ಅರ್ಧ ಕುದುರೆಯ ಕತ್ತಿನ ಮೇಲೆ. ಬಾಯಿಗೆ ಒಂದು ತೊಟ್ಟೂ ಹೋಗಲಿಲ್ಲ. ಹೋಗಿದ್ದರೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿತ್ತು ಎಂದು ಸಂಜೆ ತಿಳಿಯಿತು.

ಕುದುರೆ ಗೂಟ ಕಿತ್ತುಕೊಂಡು ಹಿತ್ತಿಲಿಗೆ ಹೋಗಿ, ತಿಪ್ಪೆಯ ಪಕ್ಕದ ಬೂದಿಗುಡ್ಡೆಯಲ್ಲಿ ಮಲಗಿ ನಾಲ್ಕೂ ಕಾಲು ಆಕಾಶಕ್ಕೆ ಮಾಡಿ ಹೊರಳಿತು. ಮೂವತ್ತು ದಿನದಲ್ಲಿ ಅದು ಮಲಗಿದ್ದನ್ನು ನಾವು ಕಂಡದ್ದು ಅದೇ ಮೊದಲು. ಎಣ್ಣೆ ಮೈಗೆ ಬೂದಿ, ಗೊಬ್ಬರ, ಹುಲ್ಲಿನ ಚೂರು ಎಲ್ಲ ಮೆತ್ತಿಕೊಂಡವು. ಎದ್ದು ನಿಂತಾಗ ಅದು ಬಿಳಿ ಕುದುರೆಯಾಗಿರಲಿಲ್ಲ. ಯಾವ ಬಣ್ಣದ ಕುದುರೆ ಎಂದು ಹೇಳುವುದೂ ಕಷ್ಟವಿತ್ತು.

ಎಂಟೂ ಕಾಲಿಗೆ ಟೆಂಪೊದ ಹಾರನ್ ಕೇಳಿತು.

ಆತಗೂರಿನಲ್ಲಿ ಒಂದು ಮೋಟಾರು ಎತ್ತುವುದಿದೆ, ಅದಕ್ಕೇ ಬೇಗ ಬಂದೆ ಎನ್ನುತ್ತಾ ಸಾಬರು ಹಿತ್ತಿಲಿಗೆ ಬಂದರು. ಹೆಗಲ ಮೇಲೆ ಜೀನು ಬಿಗಿಯುವ ಒಂದು ಚರ್ಮದ ಪಟ್ಟಿ. ಅವರು ಕುದುರೆಯನ್ನು ನೋಡಿದರು, ಎಣ್ಣೆ ಸುರಿಯುತ್ತಿದ್ದ ತಮ್ಮನನ್ನು ನೋಡಿದರು, ಅವನ ಕೈಯ ಗೊಟ್ಟವನ್ನು ನೋಡಿದರು. ಏನಾಯಿತು ಎಂದು ಕೇಳಿದರು. ತಮ್ಮ ತಡವರಿಸುತ್ತಾ ಮೆಲುಕಿನ ವಿಚಾರ ಹೇಳಿದ, ಗೀಟಿನದನ್ನೂ ಬಿಡದೆ.

"ಗೌಡ್ರೇ," ಎಂದರು ಸಾಬರು ನಿಧಾನವಾಗಿ, "ಕುದ್ರೆ ಎಲ್ಲಾದ್ರೂ ಮೆಲುಕಾಕ್ತದಾ?"

"ಆಕಲ್ವಾ?"

"ಆಕಲ್ಲ."

"ಹುಟ್ಟಿದಾಗಿಂದ್ಲೂ?"

"ಎಲ್ಲಾ ಕುದ್ರೆನೂ ಅಷ್ಟೇ. ದ್ಯಾವ್ರು ಅದ್ಕೆ ಒಂದೇ ಸಲ ಅಗ್ದು ನುಂಗು ಅಂದವ್ನೆ."

ದೊಡ್ಡಮ್ಮನಿಗೆ ನಂಬಿಕೆ ಬರಲಿಲ್ಲ. ಅವರು ಕುದುರೆಯನ್ನೇ ನೋಡುತ್ತಾ ಕೇಳಿದರು:

"ಅಂಗಾರೆ ಒತ್ತು ಎಂಗ್ ಕಳೀತದಪ್ಪ ಅದು?"

ಸಾಬರು ಒದ್ದೆ ಗೋಣಿ ಕೇಳಿ ಪಡೆದು, ಕುದುರೆಯ ಪಕ್ಕೆಯಲ್ಲಿ ಒಂದು ತಟ್ಟೆಯಷ್ಟು ಜಾಗ ಉಜ್ಜಿದರು. ಬೂದಿಯ ಕೆಳಗಿನಿಂದ ಬಿಳುಪು ಎದ್ದು ಬಂತು. ತಿಂಗಳ ಹಿಂದೆ ಗೋಣಿಯ ಹಾಗಿದ್ದ ಕೂದಲು ನುಣ್ಣಗೆ ಮೈಗೆ ಅಂಟಿ ಬಿಸಿಲಿಗೆ ಹೊಳೆಯಿತು. ಸಾಬರು ಬೆರಳು ಆಡಿಸಿ ತಲೆದೂಗಿದರು. ತಮ್ಮನ ಹೆಗಲು ಇಳಿದದ್ದು ನನಗೆ ಕಂಡಿತು. ಅಷ್ಟರಲ್ಲಿ ಅವರು ಹೆಗಲ ಪಟ್ಟಿ ತೆಗೆದು ಕುದುರೆಯ ಹೊಟ್ಟೆಗೆ ಸುತ್ತಿದರು. ಅವರ ತಂದೆ ಬಿಗಿಯುತ್ತಿದ್ದುದು ಮೂರನೆಯ ತೂತಿಗೆ, ಅದು ಸವೆದು ಅಗಲವಾಗಿತ್ತು. ಮೂರನೆಯದಿರಲಿ, ಮೊದಲ ತೂತಿಗೂ ಪಟ್ಟಿ ಎಟುಕಲಿಲ್ಲ. ನಾಲ್ಕು ಬೆರಳು ಕಡಿಮೆ.

ಏನೇನು ಕೊಟ್ಟಿರಿ ಎಂದು ಕೇಳಿದರು. ನಾನು ಬೆಳಿಗ್ಗೆ ಬರೆದ ಪಟ್ಟಿಯನ್ನು ಬಾಳೆಹಣ್ಣಿನವರೆಗೂ ಓದಿದೆ. ಅವರು ಕಲ್ಲಿನ ಮೇಲೆ ಕೂತರು.

"ನರ್ಸಮ್ಮ, ನಮ್ಮಪ್ಪ ಸತ್ತಾಗ ನೆಂಟ್ರೆಲ್ಲ ಸೇರಿ ನಂಗೂ ಇಷ್ಟು ಉಣ್ಣಿಸಿರ್ಲಿಲ್ಲ."

ತಮ್ಮ ಮುಂದೆ ಬಂದ. "ಮೈ ಬರ್ದಿದ್ರೆ ಕರ್ಕೊಂಡೋಯ್ತೀನಿ ಅಂದ್ರಿ ನೀವು. ಜಾಸ್ತಿ ಬಂದ್ರೆ ಕರ್ಕೊಂಡೋಯ್ತೀನಿ ಅಂತ ಏಳಿರ್ಲಿಲ್ಲ."

ಸಾಬರು ಅದಕ್ಕೆ ನಗಲಿಲ್ಲ. ಅವರ ತಂದೆಯ ಹಿಂದಿನ ಕುದುರೆಯ ಕಥೆ ಹೇಳಿದರು. ಯಾವುದೋ ಮದುವೆ ಮನೆಯವರು ಪ್ರೀತಿಯಿಂದ ಅದರ ಮುಂದೆ ಹುರುಳಿಯ ಚೀಲವನ್ನೇ ಬಿಚ್ಚಿಟ್ಟಿದ್ದರಂತೆ. ಹೊಟ್ಟೆಗೆ ಏನೂ ಆಗಲಿಲ್ಲ, ಆದದ್ದು ಕಾಲಿಗೆ. ಗೊರಸಿನೊಳಗೆ ಬಾವು ಬಂದು ಒಂದೇ ವಾರದಲ್ಲಿ ಹೆಜ್ಜೆ ಇಡಲಾರದೆ ಹೋಯಿತು. ಮತ್ತೆ ಅದು ಜಟಕಾಕ್ಕೆ ಹೂಡಿಸಿಕೊಳ್ಳಲಿಲ್ಲ. ಕುದುರೆಗೆ ಮೈ ಹೆಚ್ಚಾದರೆ ಕಾಲು ಹೋಗುತ್ತದೆ ಎಂದು ಹೇಳಿ ಅವರು ಮಂಡಿಯೂರಿ ನಾಲ್ಕೂ ಗೊರಸಿನ ಮೇಲೆ ಅಂಗೈ ಇಟ್ಟರು. ಆಮೇಲೆ ನನ್ನನ್ನು ಕರೆದರು. ಗೊರಸಿನ ಮೇಲುಗಡೆ, ಗಂಟಿನ ಹಿಂದೆ, ಒಂದು ಜಾಗ ತೋರಿಸಿದರು. ಕಾಲು ಚೆನ್ನಾಗಿದ್ದರೆ ಅಲ್ಲಿ ನಾಡಿ ಹುಡುಕಿದರೂ ಸಿಗುವುದು ಕಷ್ಟ. ಕೆಡುತ್ತಿದ್ದರೆ ಬೆರಳಿಗೆ ಹೊಡೆಯುತ್ತದೆ.

"ಮೋಟ್ರು ಬಿಚ್ಚಿ ಬಿಚ್ಚಿ ನನ್ನ ಬೆಳ್ಳು ಸತ್ತೋಗವೆ. ನೀವು ನೋಡಿ ಏಳಿ. ನೀವು ಏಳ್ದಂಗೆ."

ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಆಸ್ಪತ್ರೆ ಕಾಲದ ಗಡಿಯಾರ ಬಿಚ್ಚಿ ನೆಲದ ಮೇಲಿಟ್ಟು ಕೂತೆ. ಒಂದೊಂದು ಕಾಲಿಗೆ ಪೂರಾ ಒಂದು ನಿಮಿಷ. ಹಿಂಗಾಲು ಎರಡೂ ಸದ್ದಿಲ್ಲ. ಬಲ ಮುಂಗಾಲಿನಲ್ಲಿ ಹುಡುಕಿ ಹುಡುಕಿ ಸಿಕ್ಕಿತು, ದಾರದಷ್ಟು. ಎಡ ಮುಂಗಾಲಿಗೆ ಬೆರಳು ಇಟ್ಟ ತಕ್ಷಣ ನಾಡಿ ತಾನಾಗಿ ಬಂದು ತಾಕಿತು. ನಾನು ತಲೆ ಎತ್ತಲಿಲ್ಲ. ತಮ್ಮ ಎದುರಿಗೇ ನಿಂತಿದ್ದ, ಅವನ ಪಾದದ ಮೇಲೆ ಹರಳೆಣ್ಣೆ ತೊಟ್ಟಿಕ್ಕುತ್ತಿತ್ತು. ಅವನು ಬಾಯಿ ಬಿಡಲಿಲ್ಲ. ಏನಾದರೂ ಅಂದಿದ್ದರೆ ಬಯ್ದು ಸುಮ್ಮನಾಗಬಹುದಿತ್ತು. ಇನ್ನೊಂದು ನಿಮಿಷ ಎಣಿಸಿದೆ. ಬದಲಾಗಲಿಲ್ಲ.

"ಎಡಗಡೆ ಮುಂಗಾಲಲ್ಲಿ ಜೋರಾಗದೆ," ಎಂದೆ.

ತಮ್ಮ ಗೊಟ್ಟವನ್ನು ಗೋಡೆಗೆ ಒರಗಿಸಿಟ್ಟು ಕುದುರೆಯ ಹಗ್ಗ ಎತ್ತಿಕೊಂಡು ಸಾಬರ ಕೈಗೆ ಕೊಡಲು ಹೋದ.

ಸಾಬರು ತೆಗೆದುಕೊಳ್ಳಲಿಲ್ಲ. ಮೊದಲು ಡಾಕ್ಟರನ್ನು ಕೇಳಿ ಎಂದರು. ಎಂಟೂ ಐವತ್ತಕ್ಕೆ ಪಶು ಡಾಕ್ಟರು ಫೋನ್ ಎತ್ತಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಎಲ್ಲ ಕೇಳಿಸಿಕೊಂಡು ಚುರುಕಾಗಿ ಹೇಳಿದರು. ಕುದುರೆಯನ್ನು ನಡೆಸಬೇಡಿ, ಯಾವ ಗಾಡಿಗೂ ಏರಿಸಬೇಡಿ, ಅಲ್ಲಾಡುವ ಗಾಡಿಯಲ್ಲಿ ಕಾಲು ಊರಿ ನಿಂತರೆ ಇನ್ನೂ ಕೆಡುತ್ತದೆ. ಕಾಳು, ಬೆಲ್ಲ, ಟಾನಿಕ್ ಎಲ್ಲ ಈ ಗಳಿಗೆಯಿಂದ ಬಂದ್. ಬರೀ ಒಣ ಹುಲ್ಲು, ಮುಂಗಾಲಿಗೆ ತಣ್ಣೀರು, ಕಾಲಡಿಗೆ ಮೆತ್ತಗೆ ಹಾಸು. ಸಂಜೆ ನಾಲ್ಕಕ್ಕೆ ಬರುತ್ತೇನೆ.

ಸಾಬರು ಟೆಂಪೊವನ್ನು ಒಂದು ಸುತ್ತು ಹಾಕಿದರು. ಹಿಂದಿನ ಬಾಗಿಲು ಎತ್ತಿ ಎರಡೂ ಕೊಂಡಿ ಸಿಕ್ಕಿಸಿದರು. ಆಮೇಲೆ ಫೋನ್ ತೆಗೆದು ಆ ಸವಾರಿ ಕಲಿಸುವವರ ಜೊತೆ ಮಾತಾಡಿದರು. ಕುದುರೆ ಕೊಡುವುದಿಲ್ಲ, ಬೇರೆ ನೋಡಿಕೊಳ್ಳಿ ಎಂದಷ್ಟೇ ಹೇಳಿ ಇಟ್ಟರು. ತಮ್ಮನಿಗೆ ಅರ್ಥವಾಗಲಿಲ್ಲ. ಹಗ್ಗ ಹಿಡಿದ ಕೈಯನ್ನು ಹಾಗೇ ಚಾಚಿಕೊಂಡು ನಿಂತಿದ್ದ.

"ನಮ್ಮನೇಲಿ ಇವ್ಳು ಸೊರಗಿದ್ದು ಮೇವಿಲ್ದೆ ಅಲ್ಲ ಗೌಡ್ರೇ. ಮೇವಿತ್ತು, ಇಕ್ಕೋರಿಗೆ ಪುರ್ಸೊತ್ತಿರ್ಲಿಲ್ಲ. ಇಲ್ಲಿ ಇಕ್ಕೋರೇ ಜಾಸ್ತಿ. ಇಕ್ಬ್ಯಾಡಿ ಅಂತ ಏಳೋಕೆ ನರ್ಸಮ್ಮ ಅವ್ರೆ. ಇರ್ಲಿ ಬುಡಿ ಇಲ್ಲೇ."

ತಮ್ಮ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. ತೋಳಿನ ತುಂಬ ಮೆಣಸು, ಬೆಳ್ಳುಳ್ಳಿ, ಶುಂಠಿ. ಆಮೇಲಿನ ಹದಿನೈದು ನಿಮಿಷ ಬೋರಿನ ನೀರಿನಲ್ಲಿ ಅವನ ಕಣ್ಣು ತೊಳೆಯುವುದರಲ್ಲೇ ಹೋಯಿತು. ಅವನ ರೆಪ್ಪೆ ಬಿಡಿಸಿ ಹಿಡಿಯಲು ಸಾಬರ ಸಹಾಯ ಬೇಕಾಯಿತು. ಎಷ್ಟು ನೀರು ಮೆಣಸಿನದು, ಎಷ್ಟು ಅವನದು ಎಂದು ಯಾರೂ ಕೇಳಲಿಲ್ಲ. ಒಂಬತ್ತೂವರೆಗೆ ಸಾಬರು ಟೀ ಕುಡಿದು ಆತಗೂರಿಗೆ ಹೋದರು.

ಒಂಬತ್ತೂ ನಲವತ್ತರಿಂದ ಕೊಟ್ಟಿಗೆ ವಾರ್ಡಾಯಿತು. ಟಾನಿಕ್ ಡಬ್ಬಿ, ಬೆಣ್ಣೆಯ ಬಟ್ಟಲು, ಬೆಲ್ಲದ ಅಚ್ಚು, ಹುರುಳಿಯ ತಪ್ಪಲೆ, ಎಲ್ಲ ಹೊರಗೆ ಬಂದವು. ಅವರವರದನ್ನು ಅವರವರಿಗೆ ಹಂಚಿದೆ. ಕೆಳಗಿನ ಬೀದಿಗೆ ಹೋಗಿ ಮೂರು ಮನೆಗೂ ಆಲೆಮನೆಗೂ ಹೇಳಿ ಬಂದೆ. ನೋಡಲು ಬರುವವರು ಸಂಜೆ ನಾಲ್ಕರಿಂದ ಐದರ ಒಳಗೆ ಬರಬೇಕು, ಬರಿಗೈಯಲ್ಲಿ ಬರಬೇಕು. ದೊಡ್ಡಮ್ಮ ಮೊಟ್ಟೆ ವಾಪಸ್ ತೆಗೆದುಕೊಂಡರು, ಆದರೆ ಮುಖ ಊದಿಸಿಕೊಂಡರು. ಬಾಣಂತಿಗೆ ಪಥ್ಯ ಕೇಳಿದ್ದೇನೆ, ಕುದುರೆಗೆ ಕೇಳಿಲ್ಲ ಎಂದರು. ತಮ್ಮ ಕೆಂಪು ಕಣ್ಣಿನಲ್ಲೇ ಕುದುರೆಯ ಮೈ ಒರೆಸಿ ಮತ್ತೆ ಬಿಳಿ ಮಾಡಿದ. ಮಧ್ಯಾಹ್ನ ಕಾಲಡಿಗೆ ನೆಲ್ಲುಹುಲ್ಲನ್ನು ಮೊಣಕಾಲುದ್ದ ಹಾಸಿದೆವು. ಹೊಸದಾಗಿ ಆರು ಕಾಲಂನ ಚಾರ್ಟು ಬರೆದೆ. ಮೂರು ಗಂಟೆಗೆ ಕುದುರೆ ನನ್ನ ಕೈ ನೋಡಿತು. ಕೈಯಲ್ಲಿ ಏನೂ ಇರಲಿಲ್ಲ. ಎರಡು ಬಾಳೆಹಣ್ಣನ್ನು ನಾನೇ ಒಳಗೆ ಹೋಗಿ ತಿಂದೆ.

ನಾಲ್ಕೂ ಹತ್ತಕ್ಕೆ ಡಾಕ್ಟರು ಬಂದರು. ಹಳೇ ಚಾರ್ಟನ್ನು ಓದುತ್ತಾ ಏಳನೆಯ ಕಾಲಂಗೆ ಬಂದಾಗ ನನ್ನ ಮುಖ ನೋಡಿದರು. ನಾನು ಗಡಿಯಾರ ನೋಡಿದೆ. ಅವರು ಎಡ ಗೊರಸನ್ನು ಒತ್ತಿದಾಗ ಕುದುರೆ ಕಾಲು ಎಳೆದುಕೊಂಡಿತು. ಶುರುವಿನಲ್ಲೇ ಗೊತ್ತಾಗಿದೆ, ಹೇಳಿದ ಹಾಗೆ ನಡೆದುಕೊಂಡರೆ ಸರಿಹೋಗುತ್ತದೆ ಎಂದು ಇಂಜೆಕ್ಷನ್ ಕೊಟ್ಟರು. ಕೂದಲಿನ ಹೊಳಪು ಟಾನಿಕ್ಕಿನಿಂದ ಬಂತೇ ಎಂದು ತಮ್ಮ ಕೇಳಿದ. ಅದೂ ಇರಬಹುದು, ಉಜ್ಜಿದ್ದೂ ಇರಬಹುದು, ಬೆಣ್ಣೆಗೂ ಬರುತ್ತದೆ, ಆದರೆ ಕುದುರೆ ನಡೆಯುವುದು ಕೂದಲಿನಿಂದಲ್ಲ ಎಂದರು. ಪುಡಿ ಕೆಟ್ಟದ್ದಲ್ಲ, ಕಾಲು ಸರಿಹೋದ ಮೇಲೆ ಅಳತೆಯಲ್ಲಿ ಕೊಡಿ, ಒಬ್ಬರು ಮಾತ್ರ ಕೊಡಿ ಎಂದು ನನ್ನನ್ನು ನೋಡಿ ಹೇಳಿ ಹೋದರು.

ಆರು ಗಂಟೆಗೆ ಎರಡು ಬಕೆಟ್ಟಿಗೆ ಬೋರಿನ ತಣ್ಣೀರು ತುಂಬಿಸಿ ಕುದುರೆಯ ಮುಂಗಾಲುಗಳನ್ನು ಇಳಿಸಿದೆವು. ಇಪ್ಪತ್ತು ನಿಮಿಷ. ತಮ್ಮ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಕುದುರೆ ಅವನ ತಲೆಯ ಮೇಲೆ ಮೂತಿ ಇಟ್ಟು ನಿಂತಿತ್ತು. ಒಂದು ಸಲ ಅವನ ಕೂದಲನ್ನು ಹುಲ್ಲೆಂದು ತಿಳಿದು ಎಳೆಯಿತು. ಅವನು ತಲೆ ತಗ್ಗಿಸಿಕೊಂಡ, ಕಾಲು ಬಿಡಲಿಲ್ಲ. ಹೊತ್ತು ಮುಗಿದ ಮೇಲೆ ಕಾಲು ಎತ್ತಿ ಹಳೇ ಪಂಚೆಯಿಂದ ಒರೆಸಿದೆವು. ಆರೂವರೆಗೆ ಎಡ ಮುಂಗಾಲಿನ ನಾಡಿ ನೋಡಿದೆ. ಇದೆ, ಬೆಳಿಗ್ಗೆಯಷ್ಟು ಹೊಡೆಯುತ್ತಿಲ್ಲ. ಹಾಗೆಂದು ಬರೆದು ಹೊತ್ತು ಹಾಕಿ ಸಹಿ ಮಾಡಿದೆ. ಎರಡು ಬಕೆಟ್ಟನ್ನೂ ತೊಳೆದು ಗೋಡೆಯ ಪಕ್ಕ ಬೋರಲು ಹಾಕಿದೆ.